ಕಾಟಾ ಕೋಣೆಯ ಸ್ವಿಚ್ಚು

ನೆಟ್‌ವರ್ಕ್ ಸ್ವಿಚ್ಚಿಗೆ ತನ್ನ ಕೆಲಸ ಮಾಡಲು ಐಪಿ ವಿಳಾಸವೇ ಬೇಕಾಗಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಇದನ್ನು ಹೇಳಿದರೆ ಈಗಲೂ ನಂಬುವುದಿಲ್ಲ. ಯಾವ ಪೋರ್ಟಿನ ಆಚೆ ಯಾವ ಮ್ಯಾಕ್ ವಿಳಾಸ ಇದೆ ಎಂಬ ಪಟ್ಟಿಯನ್ನು ತಾನೇ ಬರೆದುಕೊಂಡು, ಒಳಗೆ ಬಂದ ಫ್ರೇಮನ್ನು ಸರಿಯಾದ ಪೋರ್ಟಿನಿಂದ ಹೊರಗೆ ದಾಟಿಸುವುದಷ್ಟೇ ಅದರ ಕಸುಬು. ಊರಿಗೆಲ್ಲ ಕಾಗದ ಹಂಚುವ ಅಂಚೆಯವನ ಮನೆಗೆ ಬಾಗಿಲ ನಂಬರ್ ಇರಲೇಬೇಕು ಅಂತೇನಿಲ್ಲವಲ್ಲ, ಹಾಗೆ. ನಂಬರ್ ಬೇಕಾಗುವುದು ಅವನನ್ನೇ ಹುಡುಕಿಕೊಂಡು ಹೋಗುವವರಿಗೆ, ಅಂದರೆ ನನ್ನಂಥ ಎಂಜಿನಿಯರಿಗೆ. ದೂರದಲ್ಲಿ ಕೂತು ಸ್ವಿಚ್ಚಿನ ಒಳಹೊಕ್ಕು ಸೆಟ್ಟಿಂಗ್ ನೋಡಲು, ಬದಲಿಸಲು ಅದಕ್ಕೊಂದು ವಿಳಾಸ ಕೊಡುತ್ತೇವೆ. ಅದೇ ಮ್ಯಾನೇಜ್‌ಮೆಂಟ್ ಐಪಿ.

ಹಾಗಿದ್ದ ಮೇಲೆ, ಈ ವಿಳಾಸ ಕೆಟ್ಟರೆ ತೊಂದರೆ ಎಂಜಿನಿಯರಿಗೆ ಮಾತ್ರ ಆಗಬೇಕು. ಸ್ವಿಚ್ಚು ತನ್ನ ಪಾಡಿಗೆ ದುಡಿಯುತ್ತಲೇ ಇರುತ್ತದೆ, ನಮಗಷ್ಟೇ ಒಳಗೆ ಹೋಗುವ ದಾರಿ ಮುಚ್ಚಿರುತ್ತದೆ. ಪುಸ್ತಕದ ಪ್ರಕಾರ ಇದು ಸರಿ. ನಾನು ಮಾತ್ರ ಒಂದೇ ಸಾಲಿನಲ್ಲಿ ನನ್ನ ದಾರಿಯನ್ನೂ ಮುಚ್ಚಿ, ಒಂದು ಸಕ್ಕರೆ ಕಾರ್ಖಾನೆಯ ಕಾಟಾವನ್ನೂ ನಿಲ್ಲಿಸಿದೆ. ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟ ಕೆಲಸ.

ಕಾಟಾ ಅಂದರೆ ವೇ ಬ್ರಿಡ್ಜ್. ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಕಬ್ಬು ಬೆಳೆಯುವವರ ಬಾಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಳಗೆ ಬರುವಾಗ ಒಂದು ತೂಕ, ಕಬ್ಬು ಇಳಿಸಿ ಹೊರಗೆ ಹೋಗುವಾಗ ಖಾಲಿ ಗಾಡಿಯ ಇನ್ನೊಂದು ತೂಕ. ಎರಡನ್ನೂ ಕಳೆದು ಉಳಿದದ್ದೇ ರೈತನ ಕಬ್ಬು, ಅದರ ಮೇಲೆಯೇ ಅವನ ಬಿಲ್ಲು. ಮೊದಲ ತೂಕ ಸರ್ವರಿಗೆ ಹೋಗಿ ಕೂತಿರಬೇಕು, ಎರಡನೆಯ ತೂಕ ಅದನ್ನು ಹುಡುಕಿ ಜೋಡಿಯಾಗಬೇಕು, ಆಗಲೇ ಚೀಟಿ ಅಚ್ಚಾಗುವುದು. ಸರ್ವರ್ ಇರುವುದು ಆಫೀಸ್ ಕಟ್ಟಡದಲ್ಲಿ, ಕಾಟಾ ಇರುವುದು ಗೇಟಿನ ಹತ್ತಿರ. ನಡುವೆ ನೆಲದಡಿಯ ಓಎಫ್‌ಸಿ, ಅಂದರೆ ಫೈಬರ್ ಕೇಬಲ್ಲು. ಎರಡು ತುದಿಗೂ ಒಂದೊಂದು ಸ್ವಿಚ್ಚು. ಆಫೀಸಿನದು ದೊಡ್ಡದು, ಕೋರ್ ಸ್ವಿಚ್ಚು. ಕಾಟಾ ಕೋಣೆಯದು 24 ಪೋರ್ಟಿನ ಸಾಮಾನ್ಯ ಸಿಸ್ಕೋ 2960, ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ. ಹಂಗಾಮಿನಲ್ಲಿ ಆ ಪೆಟ್ಟಿಗೆ ತೆರೆದರೆ ಸ್ವಿಚ್ಚಿನ ಮೈಮೇಲೆ ಕಬ್ಬಿನ ಸಿಪ್ಪೆಯ ಸಣ್ಣ ಹೊಟ್ಟು ಕೂತಿರುತ್ತಿತ್ತು, ಕೈಗೆ ಅಂಟು ಅಂಟು.

ಆಗ ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. ಆ ಕಾರ್ಖಾನೆಯ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಗುತ್ತಿಗೆ, ನಮ್ಮದು. ಅಲ್ಲಿ ಎಲ್ಲ ಸ್ವಿಚ್ಚುಗಳ ಮ್ಯಾನೇಜ್‌ಮೆಂಟ್ ಐಪಿ ವಿಲ್ಯಾನ್ 1ರಲ್ಲೇ ಇತ್ತು. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚನ್ನು ಒಳಗೊಳಗೇ ಹಲವು ಜಾಲಗಳಾಗಿ ಪಾಲು ಮಾಡಿದ್ದರಲ್ಲಿ ಒಂದು ಪಾಲು. ಡಬ್ಬಿಯಿಂದ ತೆಗೆದ ಸಿಸ್ಕೋ ಸ್ವಿಚ್ಚಿನ ಎಲ್ಲ ಪೋರ್ಟುಗಳೂ ವಿಲ್ಯಾನ್ 1ರಲ್ಲೇ ಇರುತ್ತವೆ. ಯಾರೂ ಬದಲಿಸದಿದ್ದರೆ ಅಲ್ಲೇ ಉಳಿಯುತ್ತವೆ. ಹೀಗಾಗಿ ಕ್ಯಾಂಟೀನಿನಲ್ಲಿ ಖಾಲಿ ಬಿದ್ದ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದವನಿಗೂ ಸ್ವಿಚ್ಚಿನ ಲಾಗಿನ್ ಪರದೆ ಕಾಣುತ್ತಿತ್ತು. ಇದು ಸರಿಯಲ್ಲ ಎಂದು ಆಡಿಟ್ಟಿನವರು ಬರೆದರು. ಮ್ಯಾನೇಜ್‌ಮೆಂಟಿಗೆಂದೇ ವಿಲ್ಯಾನ್ 99 ಮಾಡಿ, 10.10.99 ಸರಣಿಯ ಹೊಸ ಐಪಿಗಳನ್ನು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸವೇನೋ ಒಳ್ಳೆಯದೇ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಮಾಡಿ ಎನ್ನುತ್ತೇನೆ.

ಹುಬ್ಬಳ್ಳಿಯಿಂದಲೇ ವಿಪಿಎನ್ ಹಾಕಿಕೊಂಡು ಮಾಡಿಬಿಡೋಣ, ಅಷ್ಟು ದೂರ ಯಾಕೆ ಹೋಗಬೇಕು ಅನ್ನಿಸಿತು. ಆಫೀಸು ಮುಚ್ಚಿದ ಮೇಲೆ ಸಂಜೆ ಮಾಡಿದರೆ ಯಾರಿಗೂ ತೊಂದರೆಯಿಲ್ಲ ಅಂತಲೂ ಲೆಕ್ಕ ಹಾಕಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ಹೊಂದುವ ಲೆಕ್ಕ ಅದು. ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಸಂಜೆ ಅನ್ನುವುದೇ ಇಲ್ಲ, ಮೂರು ಪಾಳಿಯಲ್ಲೂ ಗಾಣ ತಿರುಗುತ್ತಿರುತ್ತದೆ. ಬೆಳಗ್ಗೆಯಿಂದ ಕಡಿದ ಕಬ್ಬು ಹೇರಿಕೊಂಡು ಗಾಡಿಗಳು ಗೇಟಿಗೆ ಬಂದು ಸೇರುವುದೇ ಸಂಜೆ. ನಾನು ಆರಿಸಿಕೊಂಡ ಹೊತ್ತು ಕಾಟಾ ಕೋಣೆಗೆ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತು.

ಕೊಡಬೇಕಾದ ಕಮಾಂಡುಗಳನ್ನೆಲ್ಲ ನೋಟ್‌ಪ್ಯಾಡಿನಲ್ಲಿ ಬರೆದಿಟ್ಟುಕೊಂಡಿದ್ದೆ. ಹೊಸ ಸ್ವಿಚ್ಚುಗಳಿಗೆ ಮೊದಲ ಸಲ ಕಾನ್ಫಿಗರೇಶನ್ ಹಾಕಲು ಬಳಸುತ್ತಿದ್ದ ಹಳೆಯ ಕಡತವೇ ಅದು, ವಿಳಾಸ ಮಾತ್ರ ತಿದ್ದಿದ್ದೆ. ವಿಲ್ಯಾನ್ 99 ಹುಟ್ಟಿಸು, ಅದರ ಇಂಟರ್‌ಫೇಸಿಗೆ 10.10.99.14 ಕೊಡು, ನೋ ಶಟ್‌ಡೌನ್, ಡೀಫಾಲ್ಟ್ ಗೇಟ್‌ವೇ 10.10.99.1, ಆಮೇಲೆ ಫೈಬರ್ ಪೋರ್ಟಿಗೆ ಹೋಗಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 99’. ಕೊನೆಯಲ್ಲಿ ಎಂಡ್, ರೈಟ್ ಮೆಮೊರಿ.

ಕಸುಬು ಗೊತ್ತಿದ್ದವರು ಇಲ್ಲಿಗೇ ಹಣೆ ಚಚ್ಚಿಕೊಂಡಿರುತ್ತಾರೆ. ಟ್ರಂಕ್ ಎಂದರೆ ಹಲವು ವಿಲ್ಯಾನುಗಳನ್ನು ಒಟ್ಟಿಗೆ ಸಾಗಿಸುವ ಕೊಂಡಿ. ಯಾವ್ಯಾವ ವಿಲ್ಯಾನ್ ದಾಟಬಹುದು ಎಂಬ ಪಟ್ಟಿ ಅದಕ್ಕಿರುತ್ತದೆ. ನಮ್ಮ ಪಟ್ಟಿಯಲ್ಲಿ 1, 20, 30 ಇದ್ದವು. ಕಾಟಾದ ಕಂಪ್ಯೂಟರ್ ಇದ್ದದ್ದು 20ರಲ್ಲಿ. ಇರುವ ಪಟ್ಟಿಗೆ 99 ಸೇರಿಸಬೇಕಾದರೆ ಕಮಾಂಡಿನ ನಡುವೆ ‘ಆ್ಯಡ್’ ಎಂದು ಹಾಕಬೇಕು. ಹಾಕದಿದ್ದರೆ ಸ್ವಿಚ್ಚು ಹಳೆಯ ಪಟ್ಟಿ ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಬಿಡಲೇ ಬೇಡವೇ ಎಂದು ಕೇಳುವುದೂ ಇಲ್ಲ. ಹೊಸ ಸ್ವಿಚ್ಚಿನಲ್ಲಿ ಪಟ್ಟಿಯನ್ನು ಮೊದಲ ಸಲ ಬರೆಯುವಾಗ ಆ್ಯಡ್ ಬೇಕಾಗುವುದಿಲ್ಲ. ನನ್ನ ಕಡತ ಹೊಸ ಸ್ವಿಚ್ಚಿನದು.

ಅಷ್ಟನ್ನೂ ಒಂದೇ ಸಲಕ್ಕೆ ಕಾಪಿ ಮಾಡಿ, ಸ್ವಿಚ್ಚಿಗೆ ಲಾಗಿನ್ ಆಗಲು ಬಳಸುವ ಪುಟ್ಟಿ ಎಂಬ ತಂತ್ರಾಂಶದ ಪರದೆಗೆ ಅಂಟಿಸಿದೆ. ಕೆಲವು ಸಾಲು ಕಾಣಿಸಿ ಪರದೆ ಹಾಗೇ ನಿಂತಿತು. ಎಂಟರ್ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಕರ್ಸರ್ ಅಲ್ಲಾಡಲಿಲ್ಲ.

ಫೋನು ಬರಲು ತಡವಾಗಲಿಲ್ಲ. ಕಾಟಾ ಕೋಣೆಯ ಆಪರೇಟರ್, ನಿವೃತ್ತಿಗೆ ಹತ್ತಿರವಾದ ಮನುಷ್ಯ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು.

“ಸಾಹೇಬ್ರ, ಚೀಟಿ ಬರವಲ್ದು. ಕಂಪ್ಯೂಟರ್ ಸರ್ವರ್ ಇಲ್ಲ ಅನ್ನಾಕತ್ತೈತಿ. ಹೊರಗ ಗಾಡಿ ಸಾಲು ಹಚ್ಚಿ ನಿಂತಾವ ನೋಡ್ರಿ.”

ನನಗೆ ತಕ್ಷಣ ಹೊಳೆದದ್ದು ಒಂದು ಉಪಾಯ. ಸ್ವಿಚ್ಚಿನಲ್ಲಿ ಬದಲಿಸಿದ್ದು ಮೊದಲು ರನ್ನಿಂಗ್ ಕಾನ್ಫಿಗರೇಶನ್ನಿನಲ್ಲಿ ಮಾತ್ರ ಇರುತ್ತದೆ. ಸೇವ್ ಮಾಡದಿದ್ದರೆ, ಕರೆಂಟ್ ತೆಗೆದು ಹಾಕಿದಾಗ ಹಳೆಯದೇ ಮರಳಿ ಬರುತ್ತದೆ. ಸೆಷನ್ ನಡುವೆಯೇ ಕಡಿದುಹೋಗಿದೆ, ಹಾಗಾಗಿ ಕೊನೆಯ ಸಾಲಿನ ರೈಟ್ ಮೆಮೊರಿ ಸ್ವಿಚ್ಚಿಗೆ ತಲುಪಿರಲಿಕ್ಕಿಲ್ಲ ಎಂದುಕೊಂಡೆ.

“ಕಾಕಾ, ಗ್ವಾಡಿ ಮ್ಯಾಲೆ ಒಂದು ಪೆಟಗಿ ಐತೆಲ್ಲ, ಅದರಾಗಿನ ಸ್ವಿಚ್ಚಿನ ವಾಯರ್ ತಗದು ಹಾಕ್ರಿ.”

“ನಾ ಮುಟ್ಟಬಹುದೇನ್ರಿ? ಐಟಿ ಸಾಹೇಬ್ರು ಯಾರೂ ಕೈ ಹಚ್ಚಬ್ಯಾಡ್ರಿ ಅಂದಾರ.”

“ನಾ ಹೇಳಾಕತ್ತೀನಿ, ತಗೀರಿ.”

ತೆಗೆದರು, ಹಾಕಿದರು. ಸ್ವಿಚ್ಚು ಮೇಲೇಳಲು ಕೆಲ ನಿಮಿಷ ಹಿಡಿಯಿತು. ಕಾಕಾ ಫೋನಿನಲ್ಲೇ, ಹಸಿರು ದೀಪ ಹತ್ತಿತು ಅಂದರು. ಚೀಟಿ ಮಾತ್ರ ಬರಲಿಲ್ಲ. ನಾನು ಅಂಟಿಸಿದ್ದು ಒಂದು ಹಿಡಿ ಅಕ್ಷರ. ಟ್ರಂಕ್ ಕಡಿಯುವ ಮೊದಲೇ ಅಷ್ಟೂ ಒಂದೇ ಉಸಿರಿಗೆ ಸ್ವಿಚ್ಚಿನ ಒಳಗೆ ಹೋಗಿ ಸೇರಿಕೊಂಡಿತ್ತು. ನನ್ನ ಪರದೆ ನಿಂತ ಮೇಲೂ ಸ್ವಿಚ್ಚು ಉಳಿದ ಸಾಲುಗಳನ್ನು ಒಂದೊಂದಾಗಿ ಪಾಲಿಸಿತ್ತು, ರೈಟ್ ಮೆಮೊರಿಯನ್ನೂ ಸೇರಿಸಿ. ತಪ್ಪು ಕಾನ್ಫಿಗರೇಶನ್ನನ್ನು ನಾನೇ ಸೇವ್ ಮಾಡಿಸಿದ್ದೆ.

ಇಲ್ಲಿಯವರೆಗಿನದು ಕಸುಬಿನ ತಪ್ಪು. ಈ ಕೆಲಸ ಮಾಡುವ ಎಲ್ಲರೂ ಒಂದಲ್ಲ ಒಂದು ದಿನ ಆ್ಯಡ್ ಮರೆಯುತ್ತಾರೆ. ಮರೆತೇ ಇಲ್ಲ ಅನ್ನುವವನನ್ನು ನಾನು ನಂಬುವುದಿಲ್ಲ. ಕಾರ್ಖಾನೆಯ ಐಟಿ ಮುಖ್ಯಸ್ಥರು ಫೋನ್ ಮಾಡಿ ಏನಾಯಿತು ಎಂದು ಕೇಳಿದರು. “ಓಎಫ್‌ಸಿ ಕಟ್ ಆಗಿರಬಹುದು ಸರ್, ಟ್ರ್ಯಾಕ್ಟರ್ ಓಡಾಡಿ ಕೇಬಲ್‌ಗೆ ಪೆಟ್ಟು ಬಿದ್ದಿರಬೇಕು” ಎಂದೆ.

ಕೇಬಲ್ಲು ಕಡಿದಿಲ್ಲ ಎಂದು ನನಗೆ ಗೊತ್ತಿತ್ತು. ಕೋರ್ ಸ್ವಿಚ್ಚಿಗೆ ನಾನಿನ್ನೂ ಲಾಗಿನ್ ಆಗಿಯೇ ಇದ್ದೆ. ಆ ಪೋರ್ಟು ಅಪ್ ಎಂದೇ ತೋರಿಸುತ್ತಿತ್ತು. ಸಿಡಿಪಿ ಪಟ್ಟಿಯಲ್ಲಿ ಕಾಟಾ ಸ್ವಿಚ್ಚಿನ ಹೆಸರು ನಿಚ್ಚಳವಾಗಿ ಕಾಣುತ್ತಿತ್ತು. ಟ್ರಂಕಿನ ಪಟ್ಟಿಯಿಂದ ವಿಲ್ಯಾನ್ 1 ತೆಗೆದರೂ ಸಿಡಿಪಿಯಂಥ ಸ್ವಿಚ್ಚು ಸ್ವಿಚ್ಚಿನ ನಡುವಿನ ಮಾತುಕತೆ ನಿಲ್ಲುವುದಿಲ್ಲ. ಕಡಿದ ಫೈಬರಿನ ಆಚೆಯಿಂದ ಹೆಸರು ಬರುವುದು ಸಾಧ್ಯವೇ? ಆದರೂ ಹಾಗೆ ಹೇಳಿದೆ, ಅವರು ನಂಬಿದರು. ಎಲೆಕ್ಟ್ರಿಷಿಯನ್ ಒಬ್ಬರನ್ನು ಬ್ಯಾಟರಿ ಕೊಟ್ಟು ಕೇಬಲ್ ಹಾದಿಯುದ್ದಕ್ಕೂ ನೋಡಿಕೊಂಡು ಬರಲು ಕಳಿಸಿದರು.

ನಾನು ಕಾರು ತೆಗೆದುಕೊಂಡು ಹೊರಟೆ. ಧಾರವಾಡ, ಸವದತ್ತಿ, ಯರಗಟ್ಟಿ, ಲೋಕಾಪುರ. ಲೋಕಾಪುರ ದಾಟಿದ ಮೇಲೆ ಎದುರಿಗೂ ಹಿಂದಕ್ಕೂ ಕಬ್ಬಿನ ಗಾಡಿಗಳೇ. ಕಾರ್ಖಾನೆಯ ಗೇಟಿನಿಂದ ಹೊರಗೆ ರಸ್ತೆಯ ಮೇಲೂ ಜೋಡಿ ಟ್ರೇಲರುಗಳು ನಿಂತುಬಿಟ್ಟಿದ್ದವು. ಕಡಿದ ಕಬ್ಬು ನಿಂತಷ್ಟು ಹೊತ್ತೂ ಒಣಗುತ್ತದೆ, ತೂಕ ಇಳಿಯುತ್ತದೆ. ಆ ನಷ್ಟ ರೈತನದು.

ಕಾಕಾ ಕೈಕಟ್ಟಿ ಕೂತಿರಲಿಲ್ಲ. ಕಾಟಾದ ತೂಕ ತೋರಿಸುವ ಇಂಡಿಕೇಟರ್ ಯಂತ್ರಕ್ಕೆ ನೆಟ್‌ವರ್ಕಿನ ಹಂಗಿಲ್ಲ. ಅದರ ಕೆಂಪು ಅಂಕಿ ನೋಡಿ ಕಾಕಾ ಹಾಳೆಯ ಮೇಲೆ ತೂಕ ಬರೆದು ಕೊಡುತ್ತಿದ್ದರು. ಕಿಟಕಿಯ ಹೊರಗೆ ಜನ ಜಗಳಕ್ಕೆ ನಿಂತಿದ್ದರು. ತೂಕದಲ್ಲಿ ಮೋಸ ಎಂಬ ದೂರು ಆ ಸೀಮೆಯಲ್ಲಿ ಹೊಸದಲ್ಲ. ಅಚ್ಚಾದ ಚೀಟಿಯನ್ನೇ ಎರಡು ಸಲ ಓದುವವರು ಕೈಬರಹದ ಚೀಟಿ ಒಪ್ಪುತ್ತಾರೆಯೇ? ಒಳಗೆ ಬರುವಾಗ ಕಂಪ್ಯೂಟರಿನಲ್ಲಿ ತೂಕವಾಗಿ, ಹೊರಗೆ ಹೋಗುವಾಗ ಹಾಳೆಯ ಮೇಲೆ ತೂಕವಾದ ಗಾಡಿಗಳದ್ದು ಇನ್ನೂ ಗೋಜಲು. ಮೊದಲ ತೂಕ ಸರ್ವರಿನಲ್ಲಿ ಸಿಕ್ಕಿಕೊಂಡಿದೆ, ಎರಡನೆಯದು ಕಾಕಾನ ಕೈಯಲ್ಲಿದೆ. ಆ ಗಾಡಿಗಳು ಖಾಲಿಯಾಗಿದ್ದರೂ ಮನೆಗೆ ಹೋಗುವಂತಿಲ್ಲ.

ಸ್ವಿಚ್ಚಿನ ಒಳಹೋಗಲು ನೆಟ್‌ವರ್ಕ್ ದಾರಿ ಮುಚ್ಚಿದಾಗ ಉಳಿಯುವುದು ಕನ್ಸೋಲ್ ಪೋರ್ಟು. ತಿಳಿನೀಲಿ ಬಣ್ಣದ ಚಪ್ಪಟೆ ಕೇಬಲ್, ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಕಂಪ್ಯೂಟರಿನ ಹಳೇ ಕಾಲದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ, ವೇಗ 9600. ಲ್ಯಾಪ್‌ಟಾಪುಗಳಿಂದ ಆ ಪೋರ್ಟು ಮಾಯವಾಗಿ ಎಷ್ಟೋ ಕಾಲವಾಯಿತು, ಹಾಗಾಗಿ ಯುಎಸ್‌ಬಿ ಕನ್ವರ್ಟರ್ ಬೇಕು. ನನ್ನದು ಹುಬ್ಬಳ್ಳಿಯ ಅಂಗಡಿಯಲ್ಲಿ ಸೋವಿಗೆ ಸಿಕ್ಕ ಕನ್ವರ್ಟರ್. ಪ್ರಾಲಿಫಿಕ್ ಚಿಪ್ಪಿನ ನಕಲಿ ಇರುವಂಥದ್ದು. ಪ್ರಾಲಿಫಿಕ್‌ನ ಹೊಸ ಡ್ರೈವರ್ ನಕಲಿ ಚಿಪ್ಪನ್ನು ಗುರುತಿಸಿ ಕೆಲಸ ಮಾಡಲು ಒಪ್ಪುವುದಿಲ್ಲ, ವಿಂಡೋಸ್ ಪರದೆಯಲ್ಲಿ ಕೋಡ್ 10 ಎಂದು ತೋರಿಸಿ ಸುಮ್ಮನಾಗುತ್ತದೆ. ಹಳೆಯ ಡ್ರೈವರ್ ನನ್ನ ಹತ್ತಿರ ಇರಲಿಲ್ಲ, ಇಳಿಸಿಕೊಳ್ಳೋಣವೆಂದರೆ ಆ ಕೋಣೆಯಲ್ಲಿ ಇಂಟರ್ನೆಟ್ಟೂ ಇಲ್ಲ, ಮೊಬೈಲ್ ಡೇಟಾವೂ ಇಲ್ಲ.

ನಾನು ಕನ್ವರ್ಟರನ್ನು ಕಿತ್ತು ಸಿಕ್ಕಿಸಿ, ಕಿತ್ತು ಸಿಕ್ಕಿಸಿ ಮಾಡುತ್ತಿದ್ದದ್ದನ್ನು ಕಾಕಾ ನೋಡುತ್ತಿದ್ದರು. ಎದ್ದು ಬಂದು ತಮ್ಮ ಕಂಪ್ಯೂಟರಿನ ಹಿಂಭಾಗ ತೋರಿಸಿದರು. “ಕಾಟಾದ ವಾಯರ್ ಇದಕ್ಕ ಬರ್ತೈತ್ರಿ. ನಿಮ್ಮ ನೀಲಿ ವಾಯರಿನ ಬಾಯೀನೂ ಇಂಥಾದ ಐತೆಲ್ಲ?”

ಇಂಡಿಕೇಟರ್ ಯಂತ್ರ ತೂಕವನ್ನು ಕಂಪ್ಯೂಟರಿಗೆ ಕಳಿಸುವುದೂ ಅದೇ ಸೀರಿಯಲ್ ಪೋರ್ಟಿನ ಮೂಲಕ. ಆ ಕೋಣೆಯಲ್ಲಿ ನನಗೆ ಬೇಕಾಗಿದ್ದ ಒಂಬತ್ತು ಪಿನ್ನಿನ ಪೋರ್ಟು ಅದೊಂದೇ, ಅದನ್ನು ಕಂಡದ್ದು ಕಾಕಾ. ತೂಕದ ಕೇಬಲ್ ಬಿಚ್ಚಿ ನನ್ನ ಕೇಬಲ್ ಹಾಕಿ, ಪೆನ್‌ಡ್ರೈವಿನಲ್ಲಿದ್ದ ಪುಟ್ಟಿಯಿಂದ ಒಳಹೊಕ್ಕೆ.

‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ಕೊಟ್ಟು ನೋಡಿದೆ. ವಿಲ್ಯಾನ್ 1ರ ಎದುರು ಅಪ್, ಡೌನ್. ವಿಲ್ಯಾನ್ 99ರ ಎದುರು ಅಪ್, ಅಪ್. ಅದನ್ನು ನೋಡಿ ಹೊಟ್ಟೆಯಲ್ಲಿ ತಣ್ಣಗಾಯಿತು.

ಯಾಕೆಂದು ಹೇಳುತ್ತೇನೆ. ಸ್ವಿಚ್ಚಿಗೆ ಕೊಡುವ ಐಪಿ ಯಾವ ಒಂದು ಪೋರ್ಟಿಗೂ ಸೇರಿದ್ದಲ್ಲ. ಅದು ಇಂಟರ್‌ಫೇಸ್ ವಿಲ್ಯಾನ್ ಎಂಬ, ಕಣ್ಣಿಗೆ ಕಾಣದ ಇಂಟರ್‌ಫೇಸಿನ ಮೇಲೆ ಕೂರುತ್ತದೆ. ಆ ವಿಲ್ಯಾನಿಗೆ ಸೇರಿದ, ಜೀವಂತ ಇರುವ ಪೋರ್ಟು ಒಂದಾದರೂ ಇದ್ದರೆ ಮಾತ್ರ ಅದು ಅಪ್ ಆಗುತ್ತದೆ. ವಿಲ್ಯಾನ್ ಹುಟ್ಟಿಸದೆ ಐಪಿ ಕೊಟ್ಟು, ನೋ ಶಟ್‌ಡೌನ್ ಕೊಟ್ಟು, ಪಿಂಗ್ ಹೋಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಕಾಟಾ ಸ್ವಿಚ್ಚಿನಲ್ಲಿ 99 ಅಪ್ ಆಗಿತ್ತು ಎಂದರೆ, ಫೈಬರ್ ಪೋರ್ಟಿನಲ್ಲಿ ಆ ವಿಲ್ಯಾನ್ ಜೀವಂತ ಇತ್ತು ಎಂದರ್ಥ. ಆ ತುದಿ ಸಿದ್ಧವಾಗಿತ್ತು. ಆಫೀಸಿನ ಕೋರ್ ಸ್ವಿಚ್ಚಿನ ತುದಿಯಲ್ಲಿ ನಾನು ವಿಲ್ಯಾನ್ 99 ಹುಟ್ಟಿಸಿ, ಅದಕ್ಕೆ 10.10.99.1 ಕೊಟ್ಟು, ಟ್ರಂಕಿನ ಪಟ್ಟಿಗೆ ಸೇರಿಸಿಬಿಟ್ಟಿದ್ದರೆ ಸಾಕಿತ್ತು. ಕೋರ್ ಸ್ವಿಚ್ಚಿನಿಂದಲೇ ಎಸ್‌ಎಸ್‌ಎಚ್ ಮಾಡಿ 10.10.99.14ಕ್ಕೆ ಒಳಹೋಗಿ ಉಳಿದ ವಿಲ್ಯಾನುಗಳನ್ನು ವಾಪಸ್ ಹಾಕಬಹುದಿತ್ತು. ಕೋರ್ ಸ್ವಿಚ್ಚಿನ ಲಾಗಿನ್ ನನ್ನ ಕೈಯಲ್ಲೇ ಇತ್ತು, ಹುಬ್ಬಳ್ಳಿಯಲ್ಲಿ, ನನ್ನ ಮೇಜಿನ ಮೇಲೆ. ಅದನ್ನು ಮೊದಲು ಮಾಡಿ ಆಮೇಲೆ ಕಾಟಾ ಸ್ವಿಚ್ಚಿಗೆ ಕೈಹಾಕುವುದೇ ಸರಿಯಾದ ಕ್ರಮ. ಕ್ರಮ ತಪ್ಪಿದ ಮೇಲೂ ಆ ಬಾಗಿಲು ತೆರೆದೇ ಇತ್ತು. ನಾನು ಅತ್ತ ನೋಡದೆ ಕಾರಿನ ಕೀಲಿ ಹುಡುಕಿದ್ದೆ. ಸುಳ್ಳು ಹೇಳಲು ಒದಗಿದ ಬುದ್ಧಿ ಇದಕ್ಕೆ ಒದಗಲಿಲ್ಲ.

‘ಆ್ಯಡ್’ ಹಾಕಿ 1, 20, 30 ಸೇರಿಸಿದೆ. ತೂಕದ ಕೇಬಲನ್ನು ಅದರ ಜಾಗಕ್ಕೆ ಹಾಕಿದೆ. ಪ್ರಿಂಟರ್ ಸದ್ದು ಮಾಡಿತು.

ರಾತ್ರಿ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಕೂತು ಸರ್ವಿಸ್ ರಿಪೋರ್ಟ್ ಬರೆದೆ. ಕರೆಂಟ್ ತೆಗೆದದ್ದರಿಂದ ಸ್ವಿಚ್ಚಿನ ಲಾಗ್ ಅಳಿಸಿಹೋಗಿತ್ತು, ಯಾರು ಯಾವಾಗ ಏನು ಬದಲಿಸಿದರು ಎನ್ನುವುದಕ್ಕೆ ಅಲ್ಲಿ ಪುರಾವೆ ಇರಲಿಲ್ಲ. ‘ಪವರ್ ಏರುಪೇರಿನಿಂದ ಸ್ವಿಚ್ ಹ್ಯಾಂಗ್ ಆಗಿ ಕಾನ್ಫಿಗರೇಶನ್ ಕರಪ್ಟ್ ಆಗಿತ್ತು. ಸರಿಪಡಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಯಾರನ್ನೂ ದೂರಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕರೆಂಟಿನ ಮೇಲೆ ಹಾಕಿದರೆ ಯಾರಿಗೆ ನೋವಾಗುತ್ತದೆ, ನಮ್ಮಲ್ಲಿ ಕರೆಂಟ್ ಏರುಪೇರಾಗದ ಊರಿದೆಯೇ?

ಆದರೆ ಕಾಟಾ ಕೋಣೆಯಲ್ಲಿ ಯುಪಿಎಸ್ ಇತ್ತು. ರಿಪೋರ್ಟ್ ಓದಿದ ಐಟಿ ಮುಖ್ಯಸ್ಥರು ಕೇಳಿದ ಪ್ರಶ್ನೆ ತೀರಾ ನ್ಯಾಯವಾದದ್ದು: ಯುಪಿಎಸ್ ಇದ್ದ ಮೇಲೆ ಪವರ್ ಏರುಪೇರು ಆಗುವುದು ಹೇಗೆ? ಯಾರೋ ಕೈಯಿಂದ ತೆಗೆದಿರಬೇಕು. ಯಾರು? ಕಾಕಾ ಒಪ್ಪಿಕೊಂಡರು.

ನನಗೆ ಇದು ಗೊತ್ತಾದದ್ದು ಹೊಸ ಸ್ವಿಚ್ಚು ಹಾಕಲು ಹೋದಾಗ. ಹೌದು, ‘ಹ್ಯಾಂಗ್ ಆಗುವ’ ಸ್ವಿಚ್ಚನ್ನು ಇಟ್ಟುಕೊಳ್ಳುವುದು ಬೇಡವೆಂದು ಕಾರ್ಖಾನೆಯವರು ಹೊಸದಕ್ಕೆ ಆರ್ಡರ್ ಕೊಟ್ಟಿದ್ದರು, ನಮ್ಮ ಕಂಪನಿಗೇ. ನನ್ನ ಸುಳ್ಳಿನಿಂದ ನಮಗೆ ವ್ಯಾಪಾರ ಆಗಿತ್ತು, ಮಾಲೀಕರು ಬೆನ್ನು ತಟ್ಟಿದ್ದರು. ಡಬ್ಬಿ ಹಿಡಿದು ಕಾಟಾ ಕೋಣೆಗೆ ಹೋದರೆ ಕಾಕಾ ಎಂದಿನಂತೆ ಮಾತಿಗೆ ಬರಲಿಲ್ಲ.

“ಮೆಮೊ ಕೊಟ್ಟಾರ್ರಿ ಸಾಹೇಬ್ರ. ನಾ ವಾಯರ್ ತಗದಿದ್ದಕ್ಕ ಸ್ವಿಚ್ ಕೆಟ್ಟತಂತ.”

“ನಾ ಹೇಳಿದ್ದೆ ಅಂತ ಹೇಳಲಿಲ್ಲೇನು ಕಾಕಾ?”

“ಹೇಳಿದ್ನಿರಿ. ನಿಮ್ಮ ರಿಪೋರ್ಟಿನ್ಯಾಗ ಹಂಗ ಬರದಿಲ್ಲ ಅಂದ್ರು.”

ಡಬ್ಬಿಯನ್ನು ಅಲ್ಲೇ ಇಟ್ಟು ಆಫೀಸ್ ಕಟ್ಟಡಕ್ಕೆ ಹೋದೆ. ಧೈರ್ಯ ಬಂದು ಹೋದೆ ಎಂದರೆ ಅದೂ ಸುಳ್ಳಾಗುತ್ತದೆ. ಆ ಕೋಣೆಯಲ್ಲಿ ನಿಲ್ಲಲು ಆಗಲಿಲ್ಲ, ಹೋದೆ. ಐಟಿ ಮುಖ್ಯಸ್ಥರಿಗೆ ನಾನು ಅಂಟಿಸಿದ ಕಡತವನ್ನೇ ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿ, ಎಲ್ಲಿ ಏನು ತಪ್ಪಿತು, ಕರೆಂಟ್ ತೆಗೆಯಲು ಹೇಳಿದವರು ಯಾರು, ಕೇಬಲ್ ಕಡಿದಿದೆ ಎಂದದ್ದು ಯಾಕೆ ಎಂದು ಹೇಳಿದೆ. ಅವರು ಕೂಗಾಡಲಿಲ್ಲ. ಒಂದು ಹಾಳೆ ಮುಂದಿಟ್ಟು, ಇದನ್ನೇ ಬರೆದು ಕೊಡಿ ಅಂದರು. ಬರೆದುಕೊಟ್ಟೆ. ಕಾಕಾನ ಮೆಮೊ ವಾಪಸ್ ಆಯಿತು. ಹೊಸ ಸ್ವಿಚ್ಚು ಸ್ಟೋರಿಗೆ ಹೋಯಿತು. ನಮ್ಮ ಮಾಲೀಕರು, ಬಾಯಿ ಬಿಡುವುದು ಏನಿತ್ತು ಎಂದು ಸಿಟ್ಟಾದರು. ಮುಂದಿನ ವರ್ಷದ ಎಎಂಸಿ ಬೇರೆಯವರ ಪಾಲಾಯಿತು. ಸರಿಯಾಗಿಯೇ ಆಯಿತು.

ಕೆಲ ವರ್ಷಗಳ ನಂತರ, 2021ರ ಅಕ್ಟೋಬರ್ 4ರಂದು, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಆರು ಗಂಟೆ ನಿಂತವು. ಕಾರಣ ಓದಿದಾಗ ನನಗೆ ಕಾಟಾ ಕೋಣೆಯೇ ಕಣ್ಣಮುಂದೆ ಬಂತು. ದಿನನಿತ್ಯದ ನಿರ್ವಹಣೆಯ ಹೊತ್ತಿನಲ್ಲಿ, ಬೆನ್ನೆಲುಬಿನಂಥ ಜಾಲದ ಸಾಮರ್ಥ್ಯ ಅಳೆಯಲೆಂದು ಕೊಟ್ಟ ಒಂದು ಕಮಾಂಡು ಆ ಜಾಲದ ಕೊಂಡಿಗಳನ್ನೆಲ್ಲ ಕಡಿದುಹಾಕಿತ್ತು. ಇಂಥ ಕಮಾಂಡನ್ನು ತಡೆಯಬೇಕಾದ ತಂತ್ರಾಂಶದಲ್ಲೇ ದೋಷವಿತ್ತು. ದೂರದಿಂದ ಒಳಹೋಗುವ ಮಾಮೂಲು ದಾರಿಯ ಜೊತೆಗೆ, ಆಪತ್ತಿಗೆಂದು ಇಟ್ಟಿದ್ದ ಪ್ರತ್ಯೇಕ ಜಾಲವೂ ಕೈಕೊಟ್ಟಿತ್ತು. ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಮರುವರ್ಷ, 2022ರ ಜುಲೈ 8ರಂದು, ಕೆನಡಾದ ರೋಜರ್ಸ್ ಕಂಪನಿಯ ಜಾಲ ಬಿತ್ತು. ಒಂದು ರೂಟಿಂಗ್ ಫಿಲ್ಟರ್ ತೆಗೆದದ್ದರಿಂದ ಕೋರ್ ರೂಟರುಗಳು ತತ್ತರಿಸಿ, 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಸೇವೆ ನಿಂತಿತು. ಅವರ ಮ್ಯಾನೇಜ್‌ಮೆಂಟ್ ಜಾಲವೂ ಅದೇ ಕೋರ್ ಮೇಲೆ ನಿಂತಿತ್ತು, ಹಾಗಾಗಿ ರಿಪೇರಿಗೆ ಹೋಗುವ ದಾರಿಯೂ ಒಟ್ಟಿಗೇ ಮುಚ್ಚಿತು.

ಇಷ್ಟು ದೊಡ್ಡವರದ್ದೂ ನನ್ನದೇ ಜಾತಿಯ ತಪ್ಪು ಎಂದು ಸಮಾಧಾನಪಡಲು ಇದನ್ನು ಹೇಳುತ್ತಿಲ್ಲ. ಫೇಸ್‌ಬುಕ್ಕಿನ ಮೂಲಸೌಕರ್ಯದ ಹೊಣೆ ಹೊತ್ತಿದ್ದ ಸಂತೋಷ್ ಜನಾರ್ದನ್ ಮರುದಿನವೇ ತಮ್ಮ ಹೆಸರಿನಲ್ಲಿ ವಿವರ ಪ್ರಕಟಿಸಿದರು. ಯಾವ ಕಮಾಂಡು, ಏನು ಕಡಿಯಿತು, ತಡೆ ಯಾಕೆ ಕೆಲಸ ಮಾಡಲಿಲ್ಲ, ಎಲ್ಲ ಬರೆದಿದ್ದರು. ಓದಿದ ಜಗತ್ತಿನ ಎಂಜಿನಿಯರುಗಳು ಅದರಿಂದ ಕಲಿತರು. ನನ್ನ ರಿಪೋರ್ಟಿನಿಂದ ಕಲಿಯಲು ಏನಿತ್ತು? ಆ್ಯಡ್ ಮರೆತಿದ್ದೆ ಎಂದು ಆವತ್ತೇ ಬರೆದಿದ್ದರೆ ನಮ್ಮ ಕಂಪನಿಯ ಇತರ ಹುಡುಗರಾದರೂ ಆ ಕಡತ ತಿದ್ದಿಕೊಳ್ಳುತ್ತಿದ್ದರು. ನಾನು ಕರೆಂಟಿನ ಮೇಲೆ ಹಾಕಿದ್ದರಿಂದ ಅದೇ ಕಡತ ಎಲ್ಲರ ಲ್ಯಾಪ್‌ಟಾಪಿನಲ್ಲೂ ಹಾಗೇ ಉಳಿದಿತ್ತು.

ಈಗ ದೂರದ ಸ್ವಿಚ್ಚಿಗೆ ಕೈಹಾಕುವ ಮೊದಲು ‘ರಿಲೋಡ್ ಇನ್ 10’ ಕೊಡುತ್ತೇನೆ. ಹತ್ತು ನಿಮಿಷದಲ್ಲಿ ನಾನು ಮರಳಿ ಒಳಬಂದು ರದ್ದು ಮಾಡದಿದ್ದರೆ ಸ್ವಿಚ್ಚು ತಾನೇ ರೀಸ್ಟಾರ್ಟ್ ಆಗಿ, ಸೇವ್ ಆಗಿದ್ದ ಹಳೆಯ ಕಾನ್ಫಿಗರೇಶನ್ನಿಗೆ ಮರಳುತ್ತದೆ. ಇದನ್ನು ಬದಲಾವಣೆಗೆ ಮುಂಚೆಯೇ ಕೊಡಬೇಕು. ಆಮೇಲೆ ಕೊಟ್ಟರೆ, ಬದಲಾದದ್ದನ್ನು ಸೇವ್ ಮಾಡಲೇ ಎಂದು ಸ್ವಿಚ್ಚು ಕೇಳುತ್ತದೆ, ನಿದ್ದೆಗಣ್ಣಿನಲ್ಲಿ ಎಸ್ ಒತ್ತಿದರೆ ಕಥೆ ಮುಗಿಯಿತು. ಜ್ಯೂನಿಪರ್ ಕಂಪನಿಯ ಸ್ವಿಚ್ಚುಗಳಲ್ಲಿ ಇದಕ್ಕಿಂತ ನಯವಾದ ವ್ಯವಸ್ಥೆಯಿದೆ. ‘ಕಮಿಟ್ ಕನ್‌ಫರ್ಮ್ಡ್’ ಕೊಟ್ಟು ಹತ್ತು ನಿಮಿಷದೊಳಗೆ ಖಚಿತಪಡಿಸದಿದ್ದರೆ ರೀಸ್ಟಾರ್ಟ್ ಕೂಡ ಇಲ್ಲದೆ ಹಿಂದಿನದು ವಾಪಸ್ ಬರುತ್ತದೆ. ಸಾಲುಗಳನ್ನು ಗುಂಪಾಗಿ ಅಂಟಿಸುವುದನ್ನು ಬಿಟ್ಟಿಲ್ಲ, ಆದರೆ ರೈಟ್ ಮೆಮೊರಿಯನ್ನು ಆ ಗುಂಪಿನಲ್ಲಿ ಇಡುವುದಿಲ್ಲ. ಅದನ್ನು ಹೊಸ ಐಪಿಯಿಂದ ಒಳಬಂದ ಮೇಲೆ ಕೈಯಿಂದಲೇ ಒತ್ತುತ್ತೇನೆ. ಹಳೆಯ ಐಪಿಯನ್ನು ಹೊಸದು ನಿಂತ ಮೇಲಷ್ಟೇ ತೆಗೆಯುತ್ತೇನೆ.

ಹಿಂಬಾಗಿಲ ಮ್ಯಾನೇಜ್‌ಮೆಂಟ್ ಪೋರ್ಟು ಇರುವ ಸ್ವಿಚ್ಚುಗಳೂ ಇವೆ. ಸಿಸ್ಕೋ 3850, 9300ಗಳಲ್ಲಿ ಗಿಗಾಬಿಟ್ 0/0 ಎಂಬ ಪೋರ್ಟು ಉಳಿದ ಪೋರ್ಟುಗಳ ಜೊತೆ ಬೆರೆಯದೆ ತನ್ನದೇ ಬೇರೆ ರೂಟಿಂಗ್ ಕೋಷ್ಟಕದಲ್ಲಿ ಇರುತ್ತದೆ. ಆ ಕೋಷ್ಟಕದ ಹೆಸರು ಮ್ಯಾನೇಜ್‌ಮೆಂಟ್ ವಿಆರ್‌ಎಫ್. ಸಾಧಾರಣ ಡೀಫಾಲ್ಟ್ ಗೇಟ್‌ವೇ ಅದಕ್ಕೆ ನಡೆಯುವುದಿಲ್ಲ, ಆ ವಿಆರ್‌ಎಫ್ ಹೆಸರು ಹೇಳಿಯೇ ರೂಟ್ ಕೊಡಬೇಕು, ಪಿಂಗ್ ಮಾಡುವಾಗಲೂ ಹೇಳಬೇಕು. ಅಂದಹಾಗೆ ಐಪಿ ರೂಟಿಂಗ್ ಆನ್ ಇರುವ ಯಾವ ಲೇಯರ್ 3 ಸ್ವಿಚ್ಚಿನಲ್ಲೂ ‘ಐಪಿ ಡೀಫಾಲ್ಟ್-ಗೇಟ್‌ವೇ’ ಎಂದು ಕೊಟ್ಟದ್ದು ಲೆಕ್ಕಕ್ಕಿಲ್ಲ, ಡೀಫಾಲ್ಟ್ ರೂಟೇ ಬೇಕು. ಆ ಹಿಂಬಾಗಿಲ ಪೋರ್ಟಿಗೆ ಪ್ರತ್ಯೇಕ ಸಣ್ಣ ಸ್ವಿಚ್ಚು, 4ಜಿ ಮೋಡೆಮ್ ಹಾಕಿ ಬೇರೆಯದೇ ದಾರಿ ಮಾಡಿಟ್ಟರೆ ಯರಗಟ್ಟಿ, ಲೋಕಾಪುರ ಸುತ್ತುವುದು ತಪ್ಪುತ್ತದೆ. ಅದನ್ನೂ ಅದೇ ಕೋರ್ ಸ್ವಿಚ್ಚಿನ ಮೂಲಕ ಎಳೆದರೆ ಪೋರ್ಟು ಬೇರೆ ಇದ್ದೂ ಪ್ರಯೋಜನವಿಲ್ಲ.

ಕಾಕಾ ನಿವೃತ್ತರಾಗಿದ್ದಾರೆ. ಹಬ್ಬಕ್ಕೆ ಫೋನ್ ಮಾಡಿದರೆ ಈಗ ‘ಸಾಹೇಬ್ರ’ ಅನ್ನುವುದಿಲ್ಲ, ‘ತಮ್ಮಾ’ ಅನ್ನುತ್ತಾರೆ.

ಇದನ್ನು ಓದುವವರಲ್ಲಿ ಸ್ವಿಚ್ಚು ನೋಡಿಕೊಳ್ಳುವವರಿಗಿಂತ, ನೋಡಿಕೊಳ್ಳುವವರ ಬಿಲ್ಲಿಗೆ ಸಹಿ ಹಾಕುವವರೇ ಹೆಚ್ಚಿರಬಹುದು. ಅವರಲ್ಲಿ ಒಂದು ವಿನಂತಿ. ನಿಮ್ಮ ಆಸ್ಪತ್ರೆ, ಕಾಲೇಜು, ಕಾರ್ಖಾನೆ ಎಲ್ಲೇ ಇರಲಿ, ನೆಟ್‌ವರ್ಕ್ ನಿಂತು ಸರಿಹೋದ ಮೇಲೆ ಬರುವ ಸರ್ವಿಸ್ ರಿಪೋರ್ಟಿನ ಜೊತೆಗೆ ಸ್ವಿಚ್ಚಿನ ಹಿಂದಿನ ಕಾನ್ಫಿಗರೇಶನ್ ಮತ್ತು ಈಗಿನ ಕಾನ್ಫಿಗರೇಶನ್ ಎರಡರ ಪ್ರತಿಯನ್ನೂ ಕೇಳಿ. ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಗೊತ್ತಿರುವವರು ಎರಡನ್ನೂ ಅಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನಿಮಿಷದಲ್ಲಿ ಹೇಳುತ್ತಾರೆ. ಕೊಡಲು ಎಂಜಿನಿಯರ್ ಹಿಂದೆಮುಂದೆ ನೋಡಿದರೆ ಬಿಲ್ಲಿಗೆ ಸಹಿ ಹಾಕಬೇಡಿ. ನಿಮ್ಮ ಆಪರೇಟರಿಗೆ ಮೆಮೊವನ್ನಂತೂ ಕೊಡಲೇಬೇಡಿ.